ಕಾರ್ಡಿಗೂ ಬೇಕು ಉಸಿರಾಡಲು ಜಾಗ

ಹಂಚಿನಿಂದ ತೆಗೆದ ಜೋಳದ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬುಟ್ಟಿಯಲ್ಲಿಟ್ಟರೆ ಏನಾಗುತ್ತದೆ? ಮೇಲಿನದು ಬೇಗ ಆರುತ್ತದೆ. ನಡುವಿನವು ಬಹಳ ಹೊತ್ತು ಬಿಸಿಯಾಗಿಯೇ ಉಳಿದು ಬೆವರುತ್ತವೆ. ಕಟಕ ರೊಟ್ಟಿ ಬೇಕಾದರೆ ಬಿಡಿಬಿಡಿಯಾಗಿ ಹರವಿಡಬೇಕು. ಯಾದಗಿರಿ ಜಿಲ್ಲೆಯ ಕೆಂಭಾವಿಯಲ್ಲಿ ಯಾವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದರೂ ಈ ಮಾತು ಸಿಗುತ್ತದೆ. ಹಲವು ಗ್ರಾಫಿಕ್ಸ್ ಕಾರ್ಡುಗಳನ್ನು ಒಂದೇ ಗಣಕಯಂತ್ರದಲ್ಲಿ ಕೂರಿಸುವವರು ಕಲಿಯಬೇಕಾದದ್ದೂ ಇದೇ ಪಾಠ.

ಊರಿನ ತರುಣನೊಬ್ಬ ಅಂಥದೊಂದು ಯಂತ್ರ ಕಟ್ಟುತ್ತಿದ್ದಾನೆ ಎಂದಿಟ್ಟುಕೊಳ್ಳಿ. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ ವ್ಯವಸ್ಥೆ ತನ್ನ ಲೆಕ್ಕದ ವಿಧಾನವನ್ನೇ ಬದಲಿಸಿತು. ಅದುವರೆಗೆ ಆ ನಾಣ್ಯ ಗಳಿಸಲು ಹಗಲಿರುಳು ದುಡಿಯುತ್ತಿದ್ದ ಕಾರ್ಡುಗಳಿಗೆ ಕೆಲಸವಿಲ್ಲದಂತಾಗಿ, ಬಹಳಷ್ಟು ಹಳೆಯ ಮಾಲಿನ ಪೇಟೆಗೆ ಬಂದವು. ಹಾಗೆ ಕೈಗೆ ಸಿಕ್ಕ ಮೂರು ಕಾರ್ಡು ಈ ಹುಡುಗನ ಮೇಜಿನ ಮೇಲಿವೆ. ಅವನಿಗೆ ನಾಣ್ಯದ ಆಸೆಯಿಲ್ಲ. ಕೃತಕ ಬುದ್ಧಿಮತ್ತೆ ಕಲಿಯುವ ಆಸೆ.

ಅದೇನೂ ಹುಚ್ಚು ಆಸೆಯಲ್ಲ. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅಲೆಕ್ಸ್ ಕ್ರಿಜೆವ್‌ಸ್ಕಿ, ತಂದೆ-ತಾಯಿಯ ಮನೆಯ ತನ್ನ ಕೋಣೆಯಲ್ಲಿ ಎರಡೇ ಎರಡು ಜಿಟಿಎಕ್ಸ್ 580 ಕಾರ್ಡುಗಳನ್ನು ಐದಾರು ದಿನ ಓಡಿಸಿ, ಹನ್ನೆರಡು ಲಕ್ಷ ಚಿತ್ರಗಳಿಂದ ಯಂತ್ರಕ್ಕೆ ವಸ್ತುಗಳನ್ನು ಗುರುತಿಸಲು ಕಲಿಸಿದ. ಇಂದಿನ ಕೃತಕ ಬುದ್ಧಿಮತ್ತೆಯ ಅಬ್ಬರಕ್ಕೆ ನಾಂದಿ ಹಾಡಿದ್ದು ಆ ಕೋಣೆ. ಆದರೆ ಟೊರಾಂಟೊದ ಹವೆ ಬೇರೆ, ಮೇ ತಿಂಗಳ ಕೆಂಭಾವಿಯ ಹವೆ ಬೇರೆ.

ಇಕ್ಕಟ್ಟಿನ ಸಂಕಟ

ಮದರ್‌ಬೋರ್ಡಿನ ಮೇಲೆ ಒಂದು ಸ್ಲಾಟಿಗೂ ಇನ್ನೊಂದಕ್ಕೂ ಇರುವ ಅಂತರ ಸುಮಾರು 2 ಸೆಂಟಿಮೀಟರ್. ಇಂದಿನ ದೊಡ್ಡ ಕಾರ್ಡುಗಳ ದಪ್ಪವೋ 4ರಿಂದ 6 ಸೆಂಟಿಮೀಟರ್. ಒಂದು ಸ್ಲಾಟು ಬಿಟ್ಟು ಕೂರಿಸಿದರೂ ಒಂದರ ಫ್ಯಾನು ಇನ್ನೊಂದರ ಬೆನ್ನಿಗೆ ಅಂಟಿಕೊಂಡಂತಿರುತ್ತದೆ. ಒಂದು ಕಾರ್ಡು ಉಗುಳಿದ ಬಿಸಿಗಾಳಿಯನ್ನೇ ಪಕ್ಕದ್ದು ಒಳಗೆಳೆದುಕೊಳ್ಳುತ್ತದೆ. ನಡುವಿನ ಕಾರ್ಡಿನ ಪಾಡು ನಡುವಿನ ರೊಟ್ಟಿಯ ಪಾಡೇ. ಬಿಸಿ ಸುಮಾರು 83 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ಅನೇಕ ಕಾರ್ಡುಗಳು ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಹಣ ಕೊಟ್ಟದ್ದು ಪೂರ್ತಿ ಕಾರ್ಡಿಗೆ, ದುಡಿಸಿಕೊಳ್ಳುವುದು ಮುಕ್ಕಾಲು ಕಾರ್ಡನ್ನು!

ಇದಕ್ಕೆ ಪರಿಹಾರ ರೈಸರ್ ಕೇಬಲ್. ಇದರ ಒಂದು ತುದಿ ಸ್ಲಾಟಿಗೆ, ಇನ್ನೊಂದು ತುದಿ ಕಾರ್ಡಿಗೆ. ಕಾರ್ಡುಗಳನ್ನು ಪೆಟ್ಟಿಗೆಯಿಂದ ಹೊರತೆಗೆದು ಲೋಹದ ಚೌಕಟ್ಟಿನಲ್ಲಿ ನಾಲ್ಕು ಬೆರಳು ಅಂತರ ಬಿಟ್ಟು ಸಾಲಾಗಿ ನಿಲ್ಲಿಸಬಹುದು.

"ಇವನ್ನ ಪೆಟ್ಟಿಗ್ಯಾಗಿಂದ ಹೊರಗ ಯಾಕ ತೆಗದಿ, ತಮ್ಮಾ?" ಎಂದು ತಾಯಿ ಕೇಳಿದರೆ, "ಒಳಗ ಉಸಿರಾಡಾಕ ಜಾಗ ಸಾಲವಲ್ದು, ಯವ್ವಾ" ಎಂದಷ್ಟೇ ಹೇಳಿದರೆ ಸಾಕು. ಆಕೆಗೆ ಅರ್ಥವಾಗುತ್ತದೆ.

ಎಲ್ಲ ಕೇಬಲ್ಲೂ ಒಂದಲ್ಲ

ನಾಣ್ಯ ಗಳಿಸುವವರು ಬಳಸುತ್ತಿದ್ದದ್ದು ಯುಎಸ್‌ಬಿ ತಂತಿಯಂತೆ ಕಾಣುವ ತೆಳ್ಳನೆಯ ರೈಸರ್. ಅದರಲ್ಲಿ ಮಾಹಿತಿ ಹರಿಯಲು ಒಂದೇ ಹಾದಿ. ಅವರ ಕೆಲಸಕ್ಕೆ ಅಷ್ಟು ಸಾಕಿತ್ತು. ದೊಡ್ಡ ಸ್ಲಾಟಿನಲ್ಲಿ ಹದಿನಾರು ಹಾದಿಗಳಿವೆ. ಮೂರನೆಯ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಒಂದು ಹಾದಿಯಲ್ಲಿ ಸೆಕೆಂಡಿಗೆ ಸುಮಾರು 1 ಗಿಗಾಬೈಟ್, ಹದಿನಾರರಲ್ಲಿ ಸುಮಾರು 16 ಗಿಗಾಬೈಟ್ ಮಾಹಿತಿ ಸಾಗುತ್ತದೆ. ಕಲಿಕೆಯ ಲೆಕ್ಕದಲ್ಲಿ ಕಾರ್ಡುಗಳು ಪರಸ್ಪರ ಮಾತಾಡುತ್ತಲೇ ಇರಬೇಕು. ಅಲ್ಲಿ ಒಂದೇ ಹಾದಿಯ ರೈಸರ್ ಹಾಕಿದರೆ, ಸಂತೆಯ ದಿನ ಎಲ್ಲ ಬಂಡಿಗಳೂ ಒಂದೇ ಓಣಿಗೆ ನುಗ್ಗಿದಂತಾಗುತ್ತದೆ.

ಉದ್ದದ ಪ್ರಶ್ನೆಯೂ ಇದೆ. ನಾಲ್ಕನೆಯ ಪೀಳಿಗೆಯಲ್ಲಿ ಪ್ರತಿ ಹಾದಿಯಲ್ಲೂ ಸೆಕೆಂಡಿಗೆ 1600 ಕೋಟಿ ಬಿಟ್‌ಗಳು ಹೊರಡುತ್ತವೆ. ಒಂದು ಬಿಟ್ ಹೊರಟು ಮುಂದಿನದು ಹೊರಡುವಷ್ಟರಲ್ಲಿ ಸಂಕೇತ ತಂತಿಯಲ್ಲಿ ಕ್ರಮಿಸುವ ದೂರ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅಂದರೆ ಒಂದು ಗೇಣು ಕೇಬಲ್ಲಿನ ಒಂದೊಂದು ಹಾದಿಯಲ್ಲೂ ಹದಿನೈದಕ್ಕಿಂತ ಹೆಚ್ಚು ಬಿಟ್‌ಗಳು ಒಂದರ ಬೆನ್ನಿಗೊಂದು ಓಡುತ್ತಿರುತ್ತವೆ. ಕೇಬಲ್ಲಿಗೆ ಒಳ್ಳೆಯ ಲೋಹದ ಹೊದಿಕೆ ಇಲ್ಲದಿದ್ದರೆ, ಅದನ್ನು ಚೂಪಾಗಿ ಮಡಿಚಿದರೆ, ಅವು ಕಲಸಿಹೋಗುತ್ತವೆ. ಯಂತ್ರ ಕಾರಣವಿಲ್ಲದೆ ನಿಂತುಹೋಗುತ್ತಿದ್ದರೆ, ಬಯಾಸ್‌ನಲ್ಲಿ ನಾಲ್ಕನೆಯ ಪೀಳಿಗೆಯ ಬದಲು ಮೂರನೆಯದನ್ನು ಆರಿಸಿ ನೋಡಬೇಕು.

ಇನ್ನು ಬೆಂಕಿಯ ಮಾತು. ಸ್ಲಾಟಿನ ಮೂಲಕ ಕಾರ್ಡು 75 ವಾಟ್‌ವರೆಗೆ ವಿದ್ಯುತ್ ಎಳೆಯಬಹುದು. ತೆಳ್ಳನೆಯ ರೈಸರ್‌ಗೆ ಈ ವಿದ್ಯುತ್ತನ್ನು ಬೇರೆ ಪ್ಲಗ್ಗಿನಿಂದ ಕೊಡಬೇಕು. ಕೆಲವರು ಹಾರ್ಡ್ ಡಿಸ್ಕಿಗೆಂದು ಇರುವ ಸಾಟಾ ಪ್ಲಗ್ಗನ್ನು ಸಿಕ್ಕಿಸಿಬಿಡುತ್ತಾರೆ. ಅದರ 12 ವೋಲ್ಟ್ ತಂತಿಗಳ ತಾಕತ್ತು 54 ವಾಟ್ ಮಾತ್ರ. ಪ್ಲಗ್ಗು ಕರಗಿ ಹೊತ್ತಿಕೊಳ್ಳುವುದು ಹೀಗೆ. ಹಾಗಾಗಿ 6 ಪಿನ್ನಿನ ಗ್ರಾಫಿಕ್ಸ್ ಪ್ಲಗ್ಗನ್ನೇ ಬಳಸಬೇಕು. ಮನೆಗೆ ಸರಿಯಾದ ಅರ್ತಿಂಗ್ ಇಲ್ಲದೆ ಇಂಥ ಯಂತ್ರಕ್ಕೆ ಕೈಹಾಕಲೇಬಾರದು.

ಬಿಸಿ ಹೋಗುವುದೆಲ್ಲಿಗೆ?

ಕಾರ್ಡುಗಳನ್ನು ದೂರ ದೂರ ನಿಲ್ಲಿಸಿದ್ದಾಯಿತು. ಬಿಸಿ ಕಡಿಮೆಯಾಯಿತೆ? ಇಲ್ಲ. ಅದು ಕಾರ್ಡಿನಿಂದ ಕೋಣೆಗೆ ದಾಟಿತು, ಅಷ್ಟೆ. ತಲಾ 300 ವಾಟ್‌ನ ಮೂರು ಕಾರ್ಡು, ಉಳಿದ ಭಾಗಗಳಿಗೆ 100 ವಾಟ್. ಒಟ್ಟು 1000 ವಾಟ್. ಒಳಹೋದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಮುಚ್ಚಿದ ಕೋಣೆಯಲ್ಲಿರುವ ಗಾಳಿಯ ತೂಕ ಸುಮಾರು 31 ಕಿಲೊ. ಗೋಡೆ, ನೆಲಗಳು ಏನನ್ನೂ ಹೀರದಿದ್ದರೆ ಆ ಗಾಳಿ ಅರ್ಧ ನಿಮಿಷಕ್ಕೊಂದು ಡಿಗ್ರಿಯಂತೆ ಕಾಯುತ್ತಾ ಹೋಗುತ್ತದೆ. ಬಿಸಿಯನ್ನು ಹೊರಗೊಯ್ಯುವ ಗಾಳಿ ಒಳಬಂದದ್ದಕ್ಕಿಂತ 10 ಡಿಗ್ರಿಯಷ್ಟೇ ಹೆಚ್ಚು ಬಿಸಿಯಾಗಿರಲಿ ಎಂದರೆ ಸೆಕೆಂಡಿಗೆ 90 ಲೀಟರ್ ಗಾಳಿ ಹಾಯಬೇಕು. ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ, ಕ್ಷಣಕ್ಕೆ ಆರು ಕೊಡ ಗಾಳಿ!

ಹೊರಗಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಕಾರ್ಡು 80 ಡಿಗ್ರಿಯಲ್ಲಿದ್ದು ಕೋಣೆ 28 ಡಿಗ್ರಿಯಿದ್ದರೆ ವ್ಯತ್ಯಾಸ 52. ಮೇ ಮಧ್ಯಾಹ್ನ ಕೋಣೆ 42 ಡಿಗ್ರಿಯಾದರೆ ವ್ಯತ್ಯಾಸ 38 ಮಾತ್ರ. ಬಿಸಿ ಹರಿಯುವುದು ಈ ವ್ಯತ್ಯಾಸದ ಪ್ರಮಾಣದಲ್ಲಿ. ಅಂದರೆ ಅದೇ ಕಾರ್ಡು, ಅದೇ ಫ್ಯಾನು. ಹೊರಹಾಕಬಲ್ಲ ಬಿಸಿ ಮಾತ್ರ ಕಾಲುಭಾಗಕ್ಕೂ ಹೆಚ್ಚು ಕಡಿಮೆ. ಬೆಂಗಳೂರಿನಲ್ಲಿ ಸರಿಯಾಗಿ ಓಡಿದ ಯಂತ್ರ ಕೆಂಭಾವಿಯಲ್ಲಿ ಏಕೆ ಮುಗ್ಗರಿಸುತ್ತದೆ ಎಂಬುದಕ್ಕೆ ಉತ್ತರ ಈ ಕಳೆಯುವ ಲೆಕ್ಕದಲ್ಲಿದೆ.

ಹಾಗಾದರೆ ಮಾಡುವುದೇನು? ಮೊದಲನೆಯದು, ಹಿರಿಯರು ಮಾಳಿಗೆ ಮನೆಗಳಲ್ಲಿ ಬಿಟ್ಟ ಬೆಳಕಿಂಡಿ. ಬಿಸಿಗಾಳಿ ಮೇಲೇರಿ ಅಲ್ಲಿಂದ ಹೊರಹೋಗುತ್ತದೆ. ಬಾಗಿಲಿನಿಂದ ಹೊಸ ಗಾಳಿ ಒಳಬರುತ್ತದೆ. ಕಿಂಡಿಗೊಂದು ಎಗ್ಸಾಸ್ಟ್ ಫ್ಯಾನು ಕೂರಿಸಿದರೆ ಇನ್ನೂ ಲೇಸು. ಎರಡನೆಯದು, ಭಾರಿ ಲೆಕ್ಕಗಳನ್ನು ರಾತ್ರಿಗೆ ಇಟ್ಟುಕೊಳ್ಳುವುದು. ಮೂರನೆಯದು, ತಂತ್ರಾಂಶದಲ್ಲಿ ಕಾರ್ಡಿನ ವಿದ್ಯುತ್ ಮಿತಿ ಇಳಿಸುವುದು. ವಿದ್ಯುತ್ತನ್ನು ಕಾಲುಭಾಗ ಇಳಿಸಿದರೆ ವೇಗ ಅಷ್ಟೊಂದು ಇಳಿಯುವುದಿಲ್ಲ. ಏಕೆಂದರೆ ಕೊನೆಯ ಒಂದಿಷ್ಟು ವೇಗಕ್ಕಾಗಿ ಚಿಪ್ಪು ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಬಿಸಿ ಏರುವುದು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ. ಬಿಲ್ಲೂ ಹಗುರವಾಗುತ್ತದೆ. 1000 ವಾಟ್ ಯಂತ್ರ ಇಡೀ ದಿನ ಓಡಿದರೆ 24 ಯೂನಿಟ್, ತಿಂಗಳಿಗೆ 720 ಯೂನಿಟ್ ಎಂಬುದು ನೆನಪಿರಲಿ.

ಚೌಕಟ್ಟು ತೆರೆದಿದ್ದಷ್ಟೂ ಧೂಳು, ಹತ್ತಿಯ ಎಳೆ, ಹಲ್ಲಿ, ಇಲಿಗಳ ಕಾಟ ಹೆಚ್ಚು. ವಾರಕ್ಕೊಮ್ಮೆ ಯಂತ್ರ ಆರಿಸಿ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯಬೇಕು. ನೀರಿನ ಕೂಲರನ್ನು ನೇರವಾಗಿ ಕಾರ್ಡಿನ ಮುಖಕ್ಕೆ ಹಿಡಿಯಬಾರದು. ಒಂದು ಹನಿ ಸಿಡಿದರೂ ಎಲ್ಲವೂ ಮುಗಿದಂತೆಯೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನಲ್ಲೂ ಗ್ರಾಫಿಕ್ಸ್ ಕಾರ್ಡುಗಳ ಜಾತಿಯ ಚಿಪ್ಪುಗಳು ದುಡಿಯುತ್ತವೆ. ಅಂಥ ಯಂತ್ರಗಳ ಬಿಸಿ ಕಳೆಯಲು ಸಂಸ್ಥೆಗಳಿಗೆ ಹಣವಿದೆ, ಜನವಿದೆ. ಸುರಪುರ ಸೀಮೆಯ ಮಾತಿನ ಧಾಟಿಯನ್ನು ಯಂತ್ರಕ್ಕೆ ಕಲಿಸಬೇಕೆಂದರೆ ಮಾತ್ರ ಆ ಮಾತು ಆಡುವವರೇ ಕೂರಬೇಕು. ಅಂಥವನ ಬಳಿ ಇರುವುದು ಮೂರು ಹಳೆಯ ಕಾರ್ಡು, ಒಂದು ಬೆಳಕಿಂಡಿ ಮತ್ತು ರಾತ್ರಿಯ ತಂಪು. ಲೆಕ್ಕ ತಿಳಿದು ನಡೆದರೆ, ಕಲಿಕೆ ಶುರುಮಾಡಲು ಅಷ್ಟು ಸಾಕು. ತಿಳಿಯದೆ ಪೇರಿಸಿಟ್ಟರೆ, ರೊಟ್ಟಿಯಾದರೂ ಬೆವರಿ ಮೆತ್ತಗಾಗುತ್ತದೆ, ತಿನ್ನಲು ಬರುತ್ತದೆ. ಸುಟ್ಟ ಕಾರ್ಡು ಯಾವುದಕ್ಕೂ ಬಾರದು.