ಗೋಡೆಗೆ ದೇವರ ಕಾವಲು, ಬಾಗಿಲಿಗೆ ಬೀಗ

ಬೆಂಗಳೂರಿನ ಗೋಡೆಗಳ ಮೇಲೆ ದೇವರ ಚಿತ್ರದ ಟೈಲ್ಸ್ ಅಂಟಿಸಿರುವುದನ್ನು ನೀವೂ ನೋಡಿರುತ್ತೀರಿ. ಗಂಡಸರು ಅಲ್ಲಿ ಮೂತ್ರ ಮಾಡದಿರಲೆಂದು ಈ ಉಪಾಯ. ಶೌಚಾಲಯ ಕಟ್ಟಬೇಕಾದ ನಗರ ದೇವರನ್ನು ಕಾವಲಿಗೆ ನಿಲ್ಲಿಸಿದೆ. ಹೆಂಗಸರಿಗಾದರೋ ಆ ಗೋಡೆಯೂ ಇಲ್ಲ. ಕೆ.ಆರ್. ಮಾರುಕಟ್ಟೆಯಲ್ಲಿ ನಸುಕಿನಿಂದ ಹೂ ಮಾರುವವಳು, ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಅವರ ದೇಹ ತೆರುವ ಈ ತೆರಿಗೆ ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ.

ಹಣವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಟ್ಟಡಕ್ಕೆ ಟೆಂಡರ್ ಇದೆ, ಉದ್ಘಾಟನೆ ಇದೆ, ಕಲ್ಲಿನ ಮೇಲೆ ಹೆಸರಿದೆ. ದಿನವೂ ತೊಳೆಯುವುದಕ್ಕೆ, ನೀರಿಗೆ, ಚಿಲಕದ ರಿಪೇರಿಗೆ ಯಾರ ಹೆಸರೂ ಇಲ್ಲ. ಹಾಗಾಗಿ ರಿಬ್ಬನ್ ಕತ್ತರಿಸಿದ ಬಾಗಿಲಿಗೆ ಬೀಗ ಬೀಳುತ್ತದೆ. ಶೌಚಾಲಯ ಬೇಕೆನ್ನುವ ಬಡಾವಣೆಯೇ ‘ನಮ್ಮ ಮನೆ ಎದುರು ಬೇಡ’ ಎನ್ನುತ್ತದೆ. ಮನೆಯುಳ್ಳವರ ಮಾತು ಕಚೇರಿ ತಲುಪುತ್ತದೆ, ಬೀದಿಯಲ್ಲಿ ದುಡಿಯುವವರದು ಬೀದಿಯಲ್ಲೇ ಉಳಿಯುತ್ತದೆ.

ಕಾರ್ಪೊರೇಟರನ್ನು ಕೇಳೋಣವೇ? ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ ನಗರ ನಡೆಸಿದರು. 2025ರಲ್ಲಿ ಒಂದು ಪಾಲಿಕೆ ಐದಾಯಿತು. ಬೋರ್ಡು ಬದಲಾದ ಮಾತ್ರಕ್ಕೆ ಬೀಗ ತೆರೆಯುವುದಿಲ್ಲ.

ಕೇಳಿದರೆ ಮಾತ್ರ ತೆರೆಯುತ್ತದೆ. ಗಂಡಸರಿಗೆ ಪುಕ್ಕಟೆಯಿರುವ ಮೂತ್ರಾಲಯಕ್ಕೆ ನಮಗೇಕೆ ದುಡ್ಡು ಎಂದು ಮುಂಬೈಯ ಹೆಂಗಸರು 2011ರಲ್ಲೇ ಚಳವಳಿ ಹೂಡಿದರು. ನಾವೂ ನಾಚಿಕೆ ಬಿಡೋಣ. ಮತ ಕೇಳಲು ಬಂದವರನ್ನು ಮೊದಲು ವಾರ್ಡಿನ ಶೌಚಾಲಯಕ್ಕೆ ಕರೆದೊಯ್ಯೋಣ. ಚಿಲಕ ಬೀಳುತ್ತದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ ಅವರೇ ನೋಡಲಿ. ಭಾಷಣ ಆಮೇಲೆ.