ಕಟ್ಟುವುದೂ ದೃಢಪಡಿಸುವುದೂ

ಇಂಗ್ಲಿಷ್ ಪಾಠದಲ್ಲಿ ಬಹು ಚಿಕ್ಕವೆಂದು ಕಾಣುವ ಮಾತುಗಳೇ ಕೆಲವು ಸಲ ನಮ್ಮನ್ನು ಬಹಳ ಹೊತ್ತು ಯೋಚಿಸುವಂತೆ ಮಾಡುತ್ತವೆ. ಅಂಥವುಗಳಲ್ಲಿ ‘ಫಾಸನ್’ ಎಂಬುದು ಒಂದು. ಯಾವುದೇ ವಸ್ತುವನ್ನು ಕದಲದಂತೆ ಬಿಗಿಮಾಡುವುದು ಎಂಬುದು ಅದರ ಅರ್ಥ. ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ‘ಇಂಥ ಸಂತೋಷದ ಸಮಯದಲ್ಲಿ ವ್ಯಾಕರಣವೇತಕ್ಕೆ?’ ಎಂದು ಕೇಳಬಹುದು. ನಮ್ಮ ಉತ್ತರವಿಷ್ಟೇ: ಈ ಒಂದು ಮಾತಿನೊಳಗೆ ಹೆಣ್ಣುಮಕ್ಕಳ ವಿದ್ಯೆಗೆ ಸಂಬಂಧಪಟ್ಟ ದೊಡ್ಡ ಪ್ರಶ್ನೆಯೊಂದು ಅಡಗಿದೆ.

ಮೊದಲು ಅದರ ಉಚ್ಚಾರಣೆ. ಬರಹದಲ್ಲಿ ನಡುವೆ ‘ಟಿ’ ಎಂಬ ಅಕ್ಷರವಿದ್ದರೂ ಅದನ್ನು ನುಡಿಯತಕ್ಕದ್ದಲ್ಲ. ‘ಕಾಸಲ್’, ‘ವಿಸಲ್’ ಎಂಬ ಮಾತುಗಳಲ್ಲಿಯೂ ಹೀಗೆಯೇ. ಪೂರ್ವದಲ್ಲಿ ನುಡಿಯುತ್ತಿದ್ದ ಅಕ್ಷರವು ಕಾಲಾಂತರದಲ್ಲಿ ನಾಲಿಗೆಯಿಂದ ಜಾರಿ ಬರಹದಲ್ಲಿ ಮಾತ್ರ ಉಳಿಯಿತು. ಆದರೂ ಆ ಮೂಕ ಅಕ್ಷರವು ವ್ಯರ್ಥವಾಗಿ ನಿಂತಿಲ್ಲ. ಈ ಮಾತು ‘ಫಾಸ್ಟ್’ ಎಂಬುದರ ಮಗಳು ಎಂಬುದನ್ನು ಅದು ಇಂದಿಗೂ ತಿಳಿಸುತ್ತದೆ.

ಇನ್ನು ಪ್ರಯೋಗ. ಹಗ್ಗ ದಾರಗಳಿಂದ ಗಂಟುಹಾಕುವುದಕ್ಕೆ ಇಂಗ್ಲಿಷಿನಲ್ಲಿ ‘ಟೈ’ ಎನ್ನುವರು. ಸುತ್ತಿ ಕಟ್ಟುವುದಕ್ಕೆ ‘ಬೈಂಡ್’ ಎನ್ನುವರು. ‘ಫಾಸನ್’ ಎಂಬುದಾದರೋ ಸಾಧನ ಯಾವುದಾದರೂ ಸಲ್ಲುತ್ತದೆ. ಕನ್ನಡದಲ್ಲಿ ನಾವು ಬಾಗಿಲಿಗೆ ಅಗಳಿ ಹಾಕುತ್ತೇವೆ, ಸೆರಗಿಗೆ ಪಿನ್ನು ಸಿಕ್ಕಿಸುತ್ತೇವೆ, ಜಡೆಗೆ ರಿಬ್ಬನ್ನು ಕಟ್ಟುತ್ತೇವೆ, ದೋಣಿಯನ್ನು ಗೂಟಕ್ಕೆ ಬಿಗಿಯುತ್ತೇವೆ. ಇವೆಲ್ಲವನ್ನೂ ಇಂಗ್ಲಿಷಿನವರು ಈ ಒಂದೇ ಕ್ರಿಯಾಪದದಿಂದ ಹೇಳಬಲ್ಲರು. ಆದಕಾರಣ ಅದನ್ನು ಕನ್ನಡಿಸುವಾಗ ನಿಘಂಟಿನ ಮೊದಲನೆಯ ಅರ್ಥವನ್ನೇ ಎಲ್ಲ ಕಡೆಯೂ ಅಂಟಿಸದೆ, ಆಯಾ ವಸ್ತುವಿಗೆ ನಮ್ಮ ಮನೆಯಲ್ಲಿ ಯಾವ ಮಾತು ಇದೆಯೋ ಅದನ್ನೇ ಇಡತಕ್ಕದ್ದು.

ಈಗ ತಾಯಿಮಾತಾದ ‘ಫಾಸ್ಟ್’ ಎಂಬುದನ್ನು ನೋಡೋಣ. ಇದರ ಅರ್ಥವೇನೆಂದು ಯಾವ ತರಗತಿಯಲ್ಲಿ ಕೇಳಿದರೂ ‘ವೇಗ’ ಎಂದೇ ಉತ್ತರ ಬರುತ್ತದೆ. ಅದು ತಪ್ಪಲ್ಲ, ಆದರೆ ಅದು ಕಿರಿಯ ಅರ್ಥ. ಹಳೆಯ ಇಂಗ್ಲಿಷಿನಲ್ಲಿ ಈ ಮಾತಿಗೆ ದೃಢ, ಸ್ಥಿರ, ಅಲುಗದ ಎಂದೇ ಅರ್ಥವಿದ್ದಿತು. ಅದೇ ವಂಶದ ಜರ್ಮನ್ ಮಾತಾದ ‘ಫೆಸ್ಟ್’ ಎಂಬುದಕ್ಕೆ ಇಂದಿಗೂ ದೃಢವೆಂದೇ ಅರ್ಥ. ಬಿಗಿಯಾಗಿ, ಬಲವಾಗಿ ಎಂಬ ಭಾವದಿಂದ ಬಲವಾಗಿ ಓಡುವುದು, ಆಮೇಲೆ ವೇಗವಾಗಿ ಓಡುವುದು ಎಂದು ಅರ್ಥವು ಸರಿಯುತ್ತ ಬಂದಿತು. ಉಪವಾಸವೆಂಬ ಅರ್ಥವೂ ಈ ಮೂಲದಿಂದಲೇ ಹುಟ್ಟಿದ್ದು; ವ್ರತವನ್ನು ಬಿಡದೆ ಹಿಡಿದಿರುವುದೇ ಅಲ್ಲಿಯ ಭಾವ. ಬೆಳಗಿನ ಉಪಾಹಾರವನ್ನು ‘ಬ್ರೇಕ್‌ಫಾಸ್ಟ್’ ಎನ್ನುವುದೂ ರಾತ್ರಿಯ ಉಪವಾಸವನ್ನು ಮುರಿಯುವುದರಿಂದಲೇ. ‘ಸ್ಟೆಡ್‌ಫಾಸ್ಟ್’ ಎಂದರೆ ನಿಂತ ಸ್ಥಳದಲ್ಲಿ ದೃಢವಾಗಿರುವುದು.

ಹೀಗೆ ಇಷ್ಟು ಗೌರವವುಳ್ಳ ಮಾತಿಗೆ ನಮ್ಮ ನಾಡಿನಲ್ಲಿ ಒದಗಿರುವ ದುರ್ಗತಿಯನ್ನು ಹೇಳಲೇಬೇಕಾಗಿದೆ. ‘ಆ ಹುಡುಗ ಬಹಳ ಫಾಸ್ಟ್’ ಎಂದರೆ ಚುರುಕಿನವನೆಂಬ ಹೊಗಳಿಕೆ. ‘ಆ ಹುಡುಗಿ ಬಹಳ ಫಾಸ್ಟ್’ ಎಂದರೆ ನಿಂದೆ. ಇಂಗ್ಲೆಂಡಿನವರೂ ಹತ್ತೊಂಬತ್ತನೆಯ ಶತಮಾನದಲ್ಲಿ ಸ್ತ್ರೀಯರ ವಿಷಯದಲ್ಲಿ ಈ ಮಾತನ್ನು ಕೆಟ್ಟ ಅರ್ಥದಲ್ಲಿ ಬಳಸಿದರು. ಅವರ ಭಾಷೆಯಿಂದ ನಾವು ಎತ್ತಿಕೊಳ್ಳತಕ್ಕ ಒಳ್ಳೆಯ ಪದಾರ್ಥಗಳು ಅನೇಕವಿರಲಾಗಿ ಈ ಕಸವನ್ನೇಕೆ ಎತ್ತಿಕೊಂಡೆವು? ಹುಡುಗಿಯೊಬ್ಬಳು ಪ್ರಶ್ನೆ ಕೇಳಿದರೆ, ಒಬ್ಬಳೇ ಪೇಟೆಗೆ ಹೋಗಿಬಂದರೆ, ಸಭೆಯಲ್ಲಿ ಎದ್ದು ಮಾತಾಡಿದರೆ ಈ ಮಾತು ಅವಳ ಮೇಲೆ ಬೀಳುತ್ತದೆ. ಅದನ್ನು ಕೇಳಿದ ತಾಯಿತಂದೆಗಳು ಹೆದರುತ್ತಾರೆ. ಹೆದರಿದವರು ಮಗಳನ್ನು ಬೇಗನೆ ಎಲ್ಲಿಯಾದರೂ ‘ಕಟ್ಟಿಬಿಡಬೇಕು’ ಎನ್ನುತ್ತಾರೆ. ‘ಯಾರ ಕೊರಳಿಗಾದರೂ ಕಟ್ಟಿದರೆ ಸಾಕು’ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಕೇಳದವರಾರು? ಹೆಣ್ಣಿನ ಮದುವೆಯ ವಯಸ್ಸನ್ನು 1929ರ ಕಾಯಿದೆಯು 14 ವರ್ಷವೆಂದೂ, 1978ರ ತಿದ್ದುಪಡಿಯು 18 ವರ್ಷವೆಂದೂ ಗೊತ್ತುಮಾಡಿತು. ಕಾಯಿದೆಯು ವಯಸ್ಸನ್ನು ಏರಿಸಬಹುದು. ಆ ಮಾತಿನ ಹಿಂದಿರುವ ಭಯವನ್ನು ಇಳಿಸಲಾರದು. ಅದು ಮನೆಯವರಿಂದಲೂ ಶಾಲೆಯಿಂದಲೂ ಆಗತಕ್ಕ ಕೆಲಸ.

ಇಲ್ಲಿಯೇ ‘ಫಾಸ್ಟ್’ ಎಂಬುದಕ್ಕೂ ‘ಫಾಸನ್’ ಎಂಬುದಕ್ಕೂ ಇರುವ ಭೇದವನ್ನು ಚೆನ್ನಾಗಿ ಗಮನಿಸಬೇಕು. ಮೊದಲನೆಯದು ಒಳಗಿನ ಗುಣ. ಎರಡನೆಯದು ಹೊರಗಿನಿಂದ ಮಾಡುವ ಕಾರ್ಯ. ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿ ಬರುವ ವೃತ್ತಾಂತವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲ ಸೀಲರ ಕಾಲುಗಳನ್ನು ಕೋಳಕ್ಕೆ ಬಿಗಿದಿದ್ದರು. ನಡುರಾತ್ರಿಯಲ್ಲಿ ಭೂಮಿ ನಡುಗಿತು, ಬಾಗಿಲುಗಳು ತೆರೆದವು, ಎಲ್ಲರ ಬಂಧನಗಳೂ ಕಳಚಿದವು. ಆದರೂ ಅವರು ಓಡಿಹೋಗಲಿಲ್ಲ; ಪ್ರಾಣವನ್ನೇ ಕಳೆದುಕೊಳ್ಳಲು ಹೊರಟ ಸೆರೆಯ ಯಜಮಾನನನ್ನು ಉಳಿಸಿದರು. ಕೋಳವು ಹಿಡಿದಿದ್ದುದು ಕಾಲುಗಳನ್ನು ಮಾತ್ರ. ಅದು ಕಳಚಿದ ಮೇಲೆ ಅವರನ್ನು ನಿಲ್ಲಿಸಿದ್ದು ಅವರ ದೃಢತೆ. ಹೊರಗಿನ ಕಟ್ಟು ಎಂದಾದರೊಂದು ದಿನ ಕಳಚಿಯೇ ಕಳಚುವುದು. ಅಂದು ಮಗಳು ಹೇಗೆ ನಿಲ್ಲುವಳೆಂಬುದೇ ವಿದ್ಯೆಯ ನಿಜವಾದ ಪರೀಕ್ಷೆ.

ಕಟ್ಟುವುದೆಲ್ಲ ಕೆಟ್ಟದ್ದೆಂದು ನಮ್ಮ ಅಭಿಪ್ರಾಯವಲ್ಲ. ಎಳೆಯ ಬಳ್ಳಿಗೆ ಊರುಗೋಲು ಬೇಕು. ಶಾಲೆಗೆ ಗಂಟೆಯೂ ನಿಯಮವೂ ಬೇಕು. ಕಾರಿನಲ್ಲಿಯೂ ವಿಮಾನದಲ್ಲಿಯೂ ಸೀಟ್ ಬೆಲ್ಟನ್ನು ಬಿಗಿದುಕೊಳ್ಳುವುದು ಪ್ರಾಣರಕ್ಷಣೆಗಾಗಿಯೇ. ಆದರೆ ಆ ಪಟ್ಟಿಯನ್ನು ಬಿಚ್ಚುವ ಗುಂಡಿಯು ಕುಳಿತವರ ಕೈಗೆ ಎಟಕುವಂತೆಯೇ ಇರುತ್ತದೆ. ರಕ್ಷಿಸುವ ಕಟ್ಟಿಗೂ ಸೆರೆಯ ಕೋಳಕ್ಕೂ ಇರುವ ವ್ಯತ್ಯಾಸವು ಇದೇ.

ದೃಢತೆಯೆಂದರೆ ಹಟವೂ ಅಲ್ಲ. ಹೊಲಿಗೆಯ ತರಗತಿಯಲ್ಲಿ ಬಣ್ಣದ ನೂಲನ್ನು ಬಿಳಿಯ ಬಟ್ಟೆಯ ಮೇಲೆ ಹಾಕುವ ಮೊದಲು ಅದನ್ನು ನೀರಿನಲ್ಲಿ ನೆನಸಿ, ಬಿಳಿಯ ಚಿಂದಿಗೆ ಉಜ್ಜಿ ನೋಡುವುದುಂಟು. ಬಣ್ಣ ಬಿಡದಿದ್ದರೆ ಅದು ‘ಫಾಸ್ಟ್ ಕಲರ್’. ಇಲ್ಲಿ ಮಾತಿನ ಹಳೆಯ ಅರ್ಥವು ನಮ್ಮ ಜವಳಿ ಅಂಗಡಿಗಳಲ್ಲಿಯೂ ಜೀವದಿಂದಿದೆ. ಪೌಲನು ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರಿಕೆಯ ಕೊನೆಯಲ್ಲಿಯೂ ಇದೇ ಕ್ರಮವಿದೆ: ಪರಿಶೋಧನೆ ಮೊದಲು, ಹಿಡಿತ ಆಮೇಲೆ. ಪರೀಕ್ಷಿಸದೆ ಹಿಡಿದದ್ದು ಹಟ. ಪರೀಕ್ಷಿಸಿ ಹಿಡಿದದ್ದು ದೃಢತೆ. ಆದಕಾರಣ ಪ್ರಶ್ನೆ ಕೇಳುವ ಹುಡುಗಿಯನ್ನು ಗದರಿಸಬಾರದು. ಅವಳು ನೂಲನ್ನು ನೀರಿನಲ್ಲಿ ಅದ್ದಿ ನೋಡುತ್ತಿದ್ದಾಳೆ.

ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆ ಎರಡು. ಮಗಳ ಇಂಗ್ಲಿಷು ಎಷ್ಟು ಬೇಗ ಬಂದಿತೆಂದು ಎಣಿಸದೆ ಎಷ್ಟು ನಿಂತಿತೆಂದು ನೋಡಿರಿ. ಅವಳನ್ನು ಅರ್ಧದಲ್ಲಿ ಶಾಲೆ ಬಿಡಿಸಿ ಕಟ್ಟುವ ಆತುರವನ್ನು ಬಿಡಿರಿ. ಹಳೆಯ ವಿದ್ಯಾರ್ಥಿನಿಯರಿಗೆ ಹೇಳತಕ್ಕದ್ದು ಒಂದೇ: ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಯಾವ ಹುಡುಗಿಯನ್ನಾದರೂ ಯಾರಾದರೂ ‘ಫಾಸ್ಟ್’ ಎಂದು ಹಳಿದರೆ, ಆ ಮಾತಿನ ಹಿರಿಯ ಅರ್ಥವನ್ನು ಅವರಿಗೆ ತಿಳಿಸಿರಿ, ಆ ಹುಡುಗಿಗೂ ತಿಳಿಸಿರಿ.

ಕಡೆಗೆ ನಮ್ಮ ಭಾಷೆಯ ಕಡೆಗೇ ತಿರುಗೋಣ. ಕನ್ನಡದ ‘ಕಟ್ಟು’ ಎಂಬ ಮಾತಿಗೆ ಬಂಧಿಸು ಎಂಬುದೊಂದೇ ಅರ್ಥವಲ್ಲ. ಕರುವನ್ನು ಕಟ್ಟುತ್ತೇವೆ, ಮನೆಯನ್ನೂ ಕಟ್ಟುತ್ತೇವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿಯೂ ಈ ಎರಡು ಅರ್ಥಗಳಿವೆ. ಹೆಣ್ಣುಮಗಳ ವಿಷಯದಲ್ಲಿ ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳುವೆವೋ ಅದರಂತೆಯೇ ಅವಳ ಬಾಳೂ ಆಗುವುದು.