ಹೆಸರಿಗಿಂತ ನಡೆ ಹಿರಿದು



ಹುಟ್ಟುವಾಗ ಮನುಷ್ಯನಿಗೆ ಉಸಿರಿರುತ್ತದೆ, ಹೆಸರಿರುವುದಿಲ್ಲ. ಹೋಗುವಾಗ ಉಸಿರಿರುವುದಿಲ್ಲ, ಹೆಸರಷ್ಟೇ ಉಳಿಯುತ್ತದೆ. ನಡುವಿನ ನಾಲ್ಕು ದಿನಗಳಲ್ಲಿ ಅವನು ಹೊತ್ತುಕೊಳ್ಳುವ ಹೆಸರುಗಳು ಎಷ್ಟೋ!

2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಆ ಹೊತ್ತಿನಲ್ಲಿ ಬಸವೇಶ್ವರನಗರದ ಮಗನ ಮನೆಯಲ್ಲಿರುವ ಮಾಗಡಿ ಕಡೆಯ ಹಿರಿಯರೊಬ್ಬರು ನಮ್ಮಲ್ಲಿಗೆ ಬಂದರು. "ಬುದ್ಧಿ, ಧರ್ಮದ ಕಾಲಂನಲ್ಲಿ ಹಿಂದೂ ಅಂತ ಬರೆಸಿ ಅಂತಾರೆ ಒಬ್ಬರು. ವೀರಶೈವ ಲಿಂಗಾಯತ ಅನ್ನಿ ಅಂತಾರೆ ಮತ್ತೊಬ್ಬರು. ಬರೀ ಲಿಂಗಾಯತ ಸಾಕು ಅಂತಾರೆ ಇನ್ನೊಬ್ಬರು. ಮೊಮ್ಮಗ ನೋಡಿದರೆ, ತಾತ, ಇಂಡಿಯನ್ ಅಂದರೆ ಸಾಲದಾ ಅಂತ ಕೇಳ್ತಾನೆ. ನಾನು ಯಾರು ಅಂತ ಬರೆಸಲಿ?" ಎಂದರು.

ಬಾಳನ್ನೆಲ್ಲ ಲಿಂಗಪೂಜೆ, ಬೇಸಾಯಗಳಲ್ಲಿ ಸವೆಸಿದ ಜೀವ ತಾನು ಯಾರೆಂದು ಕೇಳುವಂತಾಯಿತಲ್ಲ ಎಂದು ನಮಗೆ ನೋವಾಯಿತು. 2018ರಲ್ಲಿಯೂ ಪ್ರತ್ಯೇಕ ಧರ್ಮದ ವಿಚಾರವಾಗಿ ಇದೇ ಗೊಂದಲವೆದ್ದು ಮನೆಮನೆಗಳಲ್ಲಿ ಮನಸ್ಸು ಮುರಿದಿದ್ದವು. 2027ರ ಜನಗಣತಿಯಲ್ಲಿ ಜಾತಿಯನ್ನೂ ಎಣಿಸಲು ಕೇಂದ್ರ ಸರ್ಕಾರ 2025ರಲ್ಲಿ ನಿರ್ಧರಿಸಿತು. ಆದ್ದರಿಂದ ಈ ಪ್ರಶ್ನೆಯನ್ನು ತಾಳ್ಮೆಯಿಂದ ಯೋಚಿಸಬೇಕು.

ಶರಣರನ್ನು ನೋಡಿರಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಲೋಕ ಕೀಳೆಂದ ಕೆಲಸದ ಹೆಸರನ್ನೇ ಅವರು ತಮ್ಮ ಹೆಸರಿನ ಮುಂದೆ ಹೆಮ್ಮೆಯಿಂದ ಉಳಿಸಿಕೊಂಡರು. ಆ ಹೆಸರು ಅವರಿಗೆ ಬೇಲಿಯಾಗಲಿಲ್ಲ, ಕಾಯಕದ ಗುರುತಾಯಿತು. ಅನುಭವ ಮಂಟಪದಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತರು.

ಕರ್ನಾಟಕದ ಗಾಂಧಿ ಎಂದು ಹೆಸರಾದ ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಸಾರ್ವಜನಿಕ ಬಸವ ಜಯಂತಿಯನ್ನು ಆರಂಭಿಸಿದರು. ಅವರೇ ಖಾದಿಯನ್ನೂ ಸ್ವದೇಶಿಯನ್ನೂ ಊರೂರಿಗೆ ಸಾರಿದರು. ಬಸವಭಕ್ತಿ ಅವರ ದೇಶಭಕ್ತಿಗೆ ಅಡ್ಡಿಯಾಗಲಿಲ್ಲ. ಮಾಗಡಿಯ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ನೀಡುವಾಗ ಜಾತಿ ಮತಗಳನ್ನು ನೋಡಲಿಲ್ಲ. ವಿಭೂತಿ ಧರಿಸಿದ ಹಣೆಯೇ ನಾಡಿಗೆಲ್ಲ ತಂದೆಯಾಯಿತು.

ಇನ್ನು ನಮ್ಮ ಬಡಾವಣೆಗಳು. ರಾಜಾಜಿನಗರಕ್ಕೆ ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿದ್ದ ತಮಿಳುನಾಡಿನ ರಾಜಾಜಿಯವರ ಹೆಸರು. ವಿಜಯನಗರಕ್ಕೆ ಕನ್ನಡನಾಡಿನ ಸಾಮ್ರಾಜ್ಯದ ಹೆಸರು. ಬಸವೇಶ್ವರನಗರಕ್ಕೆ ಅಣ್ಣನವರ ಹೆಸರು. ದೇಶ, ನಾಡು, ಧರ್ಮ ಮೂರೂ ನೆರೆಹೊರೆಯಾಗಿವೆ, ಜಗಳವಿಲ್ಲ. ಆದರೆ ಅಣ್ಣನವರ ಹೆಸರಿನ ಬಡಾವಣೆಯಲ್ಲಿ ಬಾಡಿಗೆಗೆ ಮನೆ ಕೇಳಿ ಬಂದವನಿಗೆ ಮೊದಲು "ಯಾವ ಜನ?" ಎಂದು ಕೇಳಿದರೆ, ನಾವು ಧರ್ಮದ ಕಾಲಂನಲ್ಲಿ ಏನು ಬರೆಸಿ ಏನು ಪ್ರಯೋಜನ? ಸಭೆಯಲ್ಲಿ ನಾವು ಮೇಲೆಂದು ಹೇಳಿ, ಸೌಲಭ್ಯದ ಹೊತ್ತಿಗೆ ನಮ್ಮದಲ್ಲದ ಜಾತಿಯ ಪ್ರಮಾಣಪತ್ರ ಹುಡುಕುವುದು ಕಾಯಕವಲ್ಲ, ಕಳವು.

ಆ ಹಿರಿಯರಿಗೆ ನಾವು ಹೇಳಿದ್ದು ಇಷ್ಟು: "ನೀವು ಮನಸಾರೆ ನಂಬಿದ್ದನ್ನು ಬರೆಸಿರಿ. ನಿಜ ಬರೆಸಿದರೆ ಲೆಕ್ಕ ಸರಿಯಾಗಿ ಬಡವನಿಗೆ ನ್ಯಾಯ ಸಿಗುತ್ತದೆ. ಬೇರೆ ಬರೆಸಿದ ನೆಂಟರೊಡನೆ ಮಾತು ಬಿಡಬೇಡಿರಿ. ಮೊಮ್ಮಗನ ಮಾತೂ ಸರಿಯೇ. ಭಾರತವೆಂಬುದು ತೊಟ್ಟಿಮನೆ. ಕೋಣೆಗಳು ಹಲವು, ಅಂಗಳ ಒಂದೇ. ತನ್ನ ಕೋಣೆಯಲ್ಲಿ ದೀಪ ಹಚ್ಚಿದವನೇ ಅಂಗಳವನ್ನೂ ಗುಡಿಸಬೇಕು."

ಇಷ್ಟಲಿಂಗ ಎದೆಯ ಮೇಲಿದ್ದರೂ ಬಟ್ಟೆಯ ಒಳಗಿರುತ್ತದೆ. ಅದನ್ನು ತೋರಿಸಿ ನಾವು ಭಕ್ತರೆನಿಸಿಕೊಳ್ಳಬೇಕಾಗಿಲ್ಲ. ನಮ್ಮ ನಡೆಯನ್ನು ನೋಡಿ ನೆರೆಯವನು ನಮ್ಮ ಧರ್ಮವನ್ನು ಗುರುತಿಸುವಂತಾಗಲಿ. ಸರ್ವರಿಗೂ ಶುಭವಾಗಲಿ.